ಮಂಗಲಪೇಟೆಯಿಂದ ಔರಾದಿಗೆ, ಗಿಟಾರ್ ಹೆಗಲಿಗೆ

ಬೀದರಿನ ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿನಲ್ಲಿ ಆರಾಧನೆ ಮುಗಿದು ಮೈಕು ಬಂದ್ ಆಗಿತ್ತು. ಗಿಟಾರ್ ಹಿಡಿದಿದ್ದ ಹುಡುಗ ದಪ್ಪ ತಂತಿಯನ್ನು ಬರಿ ಹೆಬ್ಬೆರಳಿನಿಂದ ಮೀಟಿದ. ನಾನು ಕೂತ ಬೆಂಚೂ ಅದುರಿತು. "ಡ್ರೆಡ್‌ನಾಟ್ ಅದ ರೀ ಸರ್," ಅಂದ.

ಹೆಸರು 1906ರ ಬ್ರಿಟಿಷ್ ಯುದ್ಧನೌಕೆಯದು. ಅಮೆರಿಕದ ಮಾರ್ಟಿನ್ ಕಂಪನಿ ಈ ಅಗಲ ಸೊಂಟದ ಗಿಟಾರ್ ಮಾಡಿದ್ದು 1916ರಲ್ಲಿ. ತಂತಿಯೊಂದರಿಂದಲೇ ಹೆಚ್ಚು ಸದ್ದು ಹುಟ್ಟುವುದಿಲ್ಲ. ಅದರ ನಡುಕ ತಂತಿ ಹೊರುವ ಕುದುರೆಯಿಂದ (ಬ್ರಿಜ್) ಮೂರು ಮಿಲಿಮೀಟರ್ ಆಸುಪಾಸಿನ ಮೇಲ್ಹಲಗೆಗೆ ಇಳಿಯಬೇಕು, ಹೊಟ್ಟೆಯೊಳಗಿನ ಗಾಳಿ ತೂತಿನಿಂದ ಹೊರಗೊಳಗೆ ಆಡಬೇಕು. ಆಗ ಮಂದ್ರ ತುಂಬುತ್ತದೆ. ಬೆನ್ನು ಬೀಟೆಯದ್ದಾದರೆ ಕೆಳಸ್ವರ ಸೊಕ್ಕಿ ನಿಲ್ಲುತ್ತದೆ, ಮಹೋಗನಿಯಾದರೆ ದನಿ ಒಣದು, ನೇರ. ಬ್ರೆಜಿಲ್‌ನ ಮರ ದುರ್ಲಭವಾದಾಗ ಮಾರ್ಟಿನ್ 1969ರಲ್ಲಿ ಹೊರಳಿದ್ದು ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆಯ ಕಡೆಗೇ. ಅಂಗಡಿಯ ಅಗ್ಗದ ಪ್ಲೈವುಡ್ ಗಿಟಾರನ್ನು ಗೆಣ್ಣಿನಿಂದ ತಟ್ಟಿ ನೋಡಿ: 'ಡಬ್' ಎಂದು ಅಲ್ಲೇ ಸಾಯುತ್ತದೆ. ಜೋರಾಗಿ ಬಾರಿಸಿದರೆ ಕಿರುಚೀತು, ಗಂಭೀರವಾಗದು.

ಚರ್ಚಿನಿಂದ ಹೊರಟು ಹುಡುಗನೂ ನಾನೂ ಬೀದರಿನದೇ ಆದ 1472ರ ಮಹಮೂದ್ ಗವಾನ್ ಮದರಸಾದ ಕಮಾನಿನಡಿ ಚಪ್ಪಾಳೆ ಹೊಡೆದೆವು. ದನಿ ಗೋಡೆಗಳಿಗೆ ತಾಗಿ ದೊಡ್ಡದಾಗಿ ಮರಳಿತು. ಇಂಥಲ್ಲಿ ಯಾವ ವಾದ್ಯವೂ ರಾಜನೇ. ಗಿಟಾರ್ ಕೊಳ್ಳುವವರು ಮೊದಲು ಬಯಲಿನಲ್ಲಿ ಕೇಳಬೇಕು.

ಮುಂದೆ ಭಾಲ್ಕಿಯಲ್ಲಿ ಹುಡುಗನ ಗೆಳೆಯ ತನ್ನ ಗಿಟಾರಿನ ಚೀಲ ಬಿಚ್ಚಿದ. ಒಳಗೊಂದು ತೂತು ಕೊರೆದ ಸೋಪಿನ ಡಬ್ಬಿ, ಅದರಲ್ಲಿ ಒದ್ದೆ ಸ್ಪಂಜು. ಈ ಸೀಮೆಯ ಏಪ್ರಿಲ್-ಮೇ ಬಿಸಿಲಿಗೆ ಹಲಗೆ ಕುಗ್ಗಿ ದನಿ ತೆಳುವಾಗುತ್ತದೆ, ಬಿರುಕೂ ಬಿಡಬಹುದು. ಮಳೆಗಾಲದಲ್ಲಿ ಉಲ್ಟಾ: ಮರ ಉಬ್ಬಿ, ದನಿ ಕಂಬಳಿ ಹೊದ್ದಂತೆ. ಗಾಳಿಯ ತೇವ ಶೇ. 45ರಿಂದ 55ರ ನಡುವೆ ಇದ್ದರೆ ಮರಕ್ಕೆ ಹಿತ. ನೂರಾರು ರೂಪಾಯಿ ತಂತಿಗೆ ಸುರಿಯುವವರು ಈ ಹತ್ತು ರೂಪಾಯಿ ಡಬ್ಬಿಯನ್ನು ಮರೆಯುತ್ತಾರೆ.

ಔರಾದಿನಲ್ಲಿ ಸಂಜೆ ಭಜನೆ. ಕನ್ನಡ, ಮರಾಠಿ ಎರಡೂ ಒಂದೇ ಬಾಯಲ್ಲಿ. ಬುರುಡೆಗೆ ಚರ್ಮ ಬಿಗಿದ ಏಕತಾರಿಗೆ ತಂತಿ ಒಂದೇ, ಜೋರೂ ಇಲ್ಲ. ಆದರೂ ಹಾಡುವವರ ಸ್ವರ ಜಾರಲು ಅದು ಬಿಡುವುದಿಲ್ಲ. ಹುಡುಗ ಡ್ರೆಡ್‌ನಾಟ್ ತೆಗೆದು ಬಾರಿಸಿದ್ದೇ ತಡ, ಹಾಡು ಮುಳುಗಿತು.

"ತಮ್ಮಾ, ಜರಾ ಮೆಲ್ಲಕ," ಅಂದರು ಭಜನೆಯ ಅಜ್ಜನೊಬ್ಬರು, ತಾಳ ನಿಲ್ಲಿಸದೆ. ಹುಡುಗ ಕೈಯನ್ನು ಕುದುರೆಯ ಕಡೆಯಿಂದ ಕತ್ತಿನ ಬದಿಗೆ ಸರಿಸಿ, ಪಿಕ್ ಕಿಸೆಗಿಟ್ಟು ಬೆರಳಲ್ಲೇ ಮೀಟತೊಡಗಿದ.