ಒಡೆದ ಶಿಲುಬೆ, ಆರು ಪೆನ್ನಿಯ ಖಾತೆ

ದಕ್ಷಿಣ ಸ್ಕಾಟ್ಲೆಂಡಿನ ಡಮ್‌ಫ್ರೀಸ್ ಪಟ್ಟಣದಾಚೆ, ಸಾಲ್ವೇ ಕೊಲ್ಲಿಯ ಹತ್ತಿರ ರುತ್‌ವೆಲ್ ಎಂಬ ಹಳ್ಳಿಗಾಡಿನ ಪ್ಯಾರಿಷ್ ಇದೆ. ಅಲ್ಲಿನ ಚರ್ಚಿನೊಳಗೆ ಸುಮಾರು 18 ಅಡಿ ಎತ್ತರದ ಕಲ್ಲಿನ ಶಿಲುಬೆಯೊಂದು ನಿಂತಿದೆ. ಅದನ್ನು ಕೆತ್ತಿದ್ದು 8ನೇ ಶತಮಾನದಲ್ಲಿ. ಅಗಲವಾದ ಮುಖಗಳಲ್ಲಿ ಕ್ರಿಸ್ತ, ಅವನ ಪಾದ ತೊಳೆಯುವ ಹೆಂಗಸು; ಪಕ್ಕಗಳಲ್ಲಿ ಸುರುಳಿ ಸುತ್ತಿದ ಬಳ್ಳಿ, ಅದರ ಹಣ್ಣು ತಿನ್ನುವ ಹಕ್ಕಿ, ಮೃಗಗಳು. ಬಳ್ಳಿಯ ಅಂಚಿನುದ್ದಕ್ಕೂ ರೂನ್ ಲಿಪಿಯ ಅಕ್ಷರಗಳಿವೆ.

ಇಷ್ಟು ಚೆಲುವಾದ ಕಲ್ಲನ್ನು ಒಡೆಸಿದ್ದು ಹೊರಗಿನ ವೈರಿಗಳಲ್ಲ, ಚರ್ಚೇ. ಮೂರ್ತಿಗಳಿದ್ದಲ್ಲಿ ವಿಗ್ರಹಾರಾಧನೆ ತಪ್ಪದು ಎಂಬುದು ಪ್ರಾಟೆಸ್ಟಂಟ್ ಸುಧಾರಣಾವಾದಿಗಳ ಭಯ. 1642ರಲ್ಲಿ ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆ ರುತ್‌ವೆಲ್ಲಿನ ಹೆಸರನ್ನೇ ಎತ್ತಿ ಆಜ್ಞೆ ಹೊರಡಿಸಿತು. ಶಿಲುಬೆ ತುಂಡಾಯಿತು. ತುಂಡುಗಳು ಬಹುಕಾಲ ಚರ್ಚಿನ ನೆಲದಲ್ಲೇ ಬಿದ್ದಿದ್ದು, ಕೊನೆಗೆ ಸಮಾಧಿಗಳ ನಡುವೆ ಮಳೆಗಾಳಿಗೆ ಮೈಯೊಡ್ಡಿದವು.

1799ರಲ್ಲಿ ಹೆನ್ರಿ ಡಂಕನ್ ಇಲ್ಲಿಗೆ ಪಾದ್ರಿಯಾಗಿ ಬಂದರು. ಚೂರುಗಳನ್ನು ತಮ್ಮ ಮನೆಯ ತೋಟಕ್ಕೆ ಸಾಗಿಸಿ, 1823ರಲ್ಲಿ ಒಂದರ ಮೇಲೊಂದು ಕೂರಿಸಿ ನಿಲ್ಲಿಸಿದರು. ಅಡ್ಡತೋಳು ಸಿಗಲೇ ಇಲ್ಲ, ಹೊಸದನ್ನು ಕೆತ್ತಿಸಿದರು. ಅದರ ಚಿತ್ರಗಳು ಹಳೆಯವುಗಳ ಜೊತೆ ಹೊಂದುವುದಿಲ್ಲವೆಂದು ಪಂಡಿತರು ಆಕ್ಷೇಪಿಸುತ್ತಾರೆ. ಆದರೆ ಬಿಡಿ ಕಲ್ಲುಗಳನ್ನು ಮತ್ತೆ ಶಿಲುಬೆಯಾಗಿಸಿದವರಲ್ಲಿ ದೋಷ ಹುಡುಕಲು ನನಗೆ ಮನಸ್ಸಾಗದು.

ಡಂಕನ್ ಕಾಳಜಿ ಕಲ್ಲಿಗಷ್ಟೇ ಮೀಸಲಾಗಿರಲಿಲ್ಲ. ಆಗಿನ ಬ್ಯಾಂಕುಗಳಲ್ಲಿ ಖಾತೆ ತೆರೆಯಲು 10 ಪೌಂಡ್ ಬೇಕಿತ್ತು. ಕೂಲಿಯವರು, ಮನೆಗೆಲಸದ ಹೆಣ್ಣುಮಕ್ಕಳು ಅಷ್ಟು ದುಡ್ಡನ್ನು ಒಟ್ಟಿಗೆ ಎಲ್ಲಿಂದ ತರಬೇಕು? 1810ರಲ್ಲಿ ಅವರು ಹಳ್ಳಿಯ ಪುಟ್ಟ ಮನೆಯೊಂದರಲ್ಲಿ ಉಳಿತಾಯ ಬ್ಯಾಂಕ್ ತೆರೆದರು. ಆರು ಪೆನ್ನಿ ತಂದರೂ ಸಾಕು, ಬಡ್ಡಿಯೂ ಸಿಗುತ್ತಿತ್ತು. ಹಣದ ಪೆಟ್ಟಿಗೆಗೆ ಮೂರು ಬೀಗ. ಮೂರು ಕೀಲಿಗಳೂ ಸೇರದೆ ಮುಚ್ಚಳ ತೆರೆಯುವಂತಿರಲಿಲ್ಲ. ಸ್ವಂತ ಆದಾಯದಿಂದಲೇ ನಡೆಯುವ ಉಳಿತಾಯ ಬ್ಯಾಂಕಿಗೆ ಜಗತ್ತಿನಲ್ಲಿ ಇದೇ ಮೊದಲ ಮಾದರಿ ಎನ್ನುತ್ತಾರೆ. ಮೊದಲ ವರ್ಷ ಕೂಡಿದ್ದು 151 ಪೌಂಡ್. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಉದ್ದಗಲಕ್ಕೂ ಇಂಥ ಬ್ಯಾಂಕುಗಳು ಹುಟ್ಟಿಕೊಂಡವು.

   

ಇತ್ತ ತೋಟದಲ್ಲಿ ನಿಂತ ಶಿಲುಬೆಯ ರೂನ್‌ಗಳು ಇನ್ನೂ ಒಗಟಾಗಿದ್ದವು. 1840ರಲ್ಲಿ ಜಾನ್ ಕೆಂಬಲ್ ಎಂಬ ವಿದ್ವಾಂಸ ಅವನ್ನು ಬಿಡಿಸಿದ: ಅದು ಹಳೆಯ ಇಂಗ್ಲಿಷ್ ಪದ್ಯ, ಕ್ರಿಸ್ತನನ್ನು ಹೊತ್ತ ಮರವೇ ತನ್ನ ನೋವು ಹೇಳಿಕೊಳ್ಳುವ ಪದ್ಯ. ಇಟಲಿಯ ವೆರ್ಚೆಲ್ಲಿ ಪಟ್ಟಣದಲ್ಲಿ 1822ರಲ್ಲಿ ಪತ್ತೆಯಾಗಿದ್ದ ಹಸ್ತಪ್ರತಿಯಲ್ಲೂ ಅದೇ ಸಾಲುಗಳು ಕಂಡವು.

1843ರಲ್ಲಿ ಸ್ಕಾಟ್ಲೆಂಡ್ ಚರ್ಚು ಒಡೆದಾಗ ಡಂಕನ್ ತಮ್ಮ ನಂಬಿಕೆಗೆ ಅಂಟಿಕೊಂಡು ಹೊರನಡೆದರು. ಚರ್ಚನ್ನು, ಮನೆಯನ್ನು, ತೋಟದ ಶಿಲುಬೆಯನ್ನೂ ಬಿಟ್ಟರು, 1846ರಲ್ಲಿ ತೀರಿಕೊಂಡರು. 1887ರಲ್ಲಿ ಶಿಲುಬೆಯನ್ನು ಮಳೆಯಿಂದ ಕಾಪಾಡಲು ಚರ್ಚಿನೊಳಗೆ ತರಲಾಯಿತು. ಅದರ ಎತ್ತರಕ್ಕೆ ಮಾಡು ಸಾಲದಾಗಿ, ಅದಕ್ಕಾಗಿ ಚರ್ಚಿನ ನೆಲವನ್ನೇ ಅಗೆದು ತಗ್ಗು ಮಾಡಿದರು.