ಚೈನ್ ಗರಗಸದಿಂದ ಮರದ ಕೆತ್ತನೆ: ಹವ್ಯಾಸವೂ ಎಚ್ಚರಿಕೆಯೂ

ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣವಿದೆ. ಅಲ್ಲಿಯ ಕೃಷಿ ಮೇಳಕ್ಕೆ ಹೋಗಿಬಂದ ಬೆಳೆಗಾರ ಬಂಧುಗಳು ಯಂತ್ರಗಳ ಮಳಿಗೆಗಳಲ್ಲಿ ಚೈನ್ ಗರಗಸಗಳನ್ನು ನೋಡಿರುತ್ತಾರೆ. ಕೊಂಡು ತಂದವರೂ ಉಂಟು. ಮರಗಸಿ ಮುಗಿದ ಮೇಲೆ ಗರಗಸ ಮೂಲೆ ಸೇರುತ್ತದೆ. ಉಳಿದ ಸಿಲ್ವರ್ ಓಕ್ ತುಂಡುಗಳು ಗೆದ್ದಲಿನ ಪಾಲಾಗುತ್ತವೆ. ಇವೆರಡನ್ನೂ ಕೂಡಿಸಿ ಬಿಡುವಿನಲ್ಲಿ ಪೀಠ, ಪ್ರಾಣಿ, ಪಕ್ಷಿಗಳನ್ನು ಕಡೆಯುವ ಹವ್ಯಾಸ ಅಮೆರಿಕ, ಯೂರೋಪುಗಳಲ್ಲಿ ಬಹಳ ಜನರಿಗಿದೆ. ನಮ್ಮಲ್ಲೂ ಇದನ್ನು ಮಾಡಬಹುದೇ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮರದ ಕೆತ್ತನೆ ನಮಗೆ ಹೊಸತಲ್ಲ. ಸಾಗರ, ಸೊರಬದ ಗುಡಿಗಾರರು ಉಳಿಯಿಂದ ಶ್ರೀಗಂಧದಲ್ಲಿ ಮಾಡುವ ಕುಸುರಿ ಕೆಲಸವನ್ನು ಮಲೆನಾಡಿನವರು ಕಂಡೇ ಇದ್ದೇವೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಉರುಳಿದ ಮರಗಳ ಕಾಂಡಗಳನ್ನೇ ಶಿಲ್ಪಗಳಾಗಿ ಕಡೆದಿಟ್ಟಿದ್ದಾರೆ. ಗರಗಸದ ಕೆಲಸ ಉಳಿಯಷ್ಟು ನಯವಲ್ಲ. ಆದರೆ ದೊಡ್ಡ ದಿಮ್ಮಿಗೆ ಬೇಗ ರೂಪು ಕೊಡುತ್ತದೆ.

ಅಪಾಯ ಎಲ್ಲಿದೆ?

ಮರ ಕೊಯ್ಯಲು ಬಲ್ಲವರು ಕೆತ್ತಲೂ ಬಲ್ಲರೆಂದು ತಿಳಿಯಬಾರದು. ಕೊಯ್ಯುವಾಗ ಬಾರಿನ ನಡುಭಾಗ ಕೆಲಸ ಮಾಡುತ್ತದೆ, ತುದಿಯನ್ನು ಮರಕ್ಕೆ ತಾಗಿಸುವುದಿಲ್ಲ. ಕೆತ್ತನೆಯಲ್ಲಾದರೋ ತುದಿಯದೇ ಕೆಲಸ. ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ತುದಿಯ ಮೇಲ್ಭಾಗದ ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಗರಗಸ ಮೇಲಕ್ಕೆದ್ದು ಹಿಂದಕ್ಕೆ ಒದೆಯುತ್ತದೆ, ಹಿಡಿದವರ ಮುಖ, ಕತ್ತುಗಳ ಕಡೆಗೇ ಬರುತ್ತದೆ. ಕೈ ಎಚ್ಚೆತ್ತುಕೊಳ್ಳುವಷ್ಟು ಸಮಯವಿರುವುದಿಲ್ಲ.

ಆದ್ದರಿಂದ ಕೆತ್ತನೆಗೆಂದೇ ತುದಿ ಬಹಳ ಕಿರಿದಾದ ಬಾರು, ಸಣ್ಣ ಹಲ್ಲಿನ ಚೈನು ಸಿಗುತ್ತವೆ. ತುದಿ ಕಿರಿದಾದಷ್ಟೂ ಒದೆತ ಕಡಿಮೆ. ತೋಟದ ದೊಡ್ಡ ಗರಗಸದ ತುದಿಯಿಂದ ಕೆತ್ತಲು ಹೋಗಬೇಡಿ.

ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಗರಗಸ ಹಿಡಿಯುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಬಿಡಲೇಬೇಕು. ಕೆಳಗಿನವು ಕಡ್ಡಾಯ:

1. ಮುಖಕ್ಕೆ ಜಾಲರಿ, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಮತ್ತು ಚೈನ್ ತಡೆಯುವ ಕಾಲುಕವಚ.
2. ಸದ್ದು 100 ಡೆಸಿಬೆಲ್ ಮೀರುವುದರಿಂದ ಕಿವಿಗೆ ರಕ್ಷಣೆ.
3. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಪೂರ್ತಿ ಸುತ್ತಿರಬೇಕು. ಗರಗಸ ಭುಜದಿಂದ ಮೇಲೆ ಹೋಗಬಾರದು.
4. ದಿಮ್ಮಿ ಅಲುಗದಂತೆ ಭದ್ರವಾಗಿರಬೇಕು.
5. ಒಬ್ಬರೇ ಇರುವಾಗ ಕೆಲಸ ಮಾಡಬಾರದು.

ಯಾವ ಮರ?

ಸಿಲ್ವರ್ ಓಕ್ ಮೆದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲೂ ಇದೆ. ಕೆಲವರಿಗೆ ಅದರ ಹೊಟ್ಟಿನಿಂದ ಮೈ ತುರಿಕೆಯಾಗುವುದುಂಟು. ತುಂಬು ತೋಳಿನ ಅಂಗಿ ಹಾಕಿ. ಶ್ರೀಗಂಧ, ಬೀಟೆ, ತೇಗಗಳ ತಂಟೆಗೆ ಹೋಗಬೇಡಿ. ಬೇರೆ ಮರಗಳ ವಿಷಯದಲ್ಲಿ, ತಾನಾಗಿ ಬಿದ್ದಿದ್ದರೂ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಹಸಿಮರ ಕೆತ್ತಲು ಸುಲಭ, ಆದರೆ ಒಣಗುವಾಗ ಸೀಳುತ್ತದೆ. ಮರ ಉಂಗುರಗಳ ಸುತ್ತಿನಲ್ಲಿ ಕುಗ್ಗುವುದು ತಿರುಳಿನಿಂದ ಹೊರಮುಖವಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಹಾಗಾಗಿ ತಿರುಳಿರುವ ಇಡೀ ದಿಮ್ಮಿ ಎಲ್ಲಾದರೂ ಬಿರಿಯಲೇಬೇಕು. ಬೆನ್ನಿನ ಕಡೆಯಿಂದ ತಿರುಳಿನವರೆಗೆ ಉದ್ದಕ್ಕೆ ಒಂದು ಸೀಳು ಕೊಟ್ಟರೆ ಬಿರುಕು ಹೆಚ್ಚಾಗಿ ಅಲ್ಲೇ ತೆರೆಯುತ್ತದೆ, ಮುಖ ಉಳಿಯುತ್ತದೆ. ಎರಡು ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿದು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು.

ಇಂಥ ವಿಷಯಗಳ ಅಧ್ಯಯನಕ್ಕೆಂದೇ ಯಶವಂತಪುರಕ್ಕೆ ಸಮೀಪ, ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಇದು 1988ರಲ್ಲಿ ಈಗಿನ ರೂಪ ಪಡೆಯಿತು. ಮೇಳಕ್ಕೆ ಹೋದವರು ಅಲ್ಲಿಗೂ ಹೋಗಿ ಮರದ ಗುರುತು, ಒಣಗಿಸುವಿಕೆ, ಗೆದ್ದಲಿನಿಂದ ರಕ್ಷಣೆ ಇವುಗಳ ಬಗೆಗೆ ವಿಚಾರಿಸಬಹುದು.

ಆರಂಭ ಹೇಗೆ?

ಅಮೆರಿಕದವರಿಗೆ ಕರಡಿ ಕಡೆಯುವುದೆಂದರೆ ಬಲು ಪ್ರೀತಿ. ನಾವು ಅಣಬೆಯಿಂದ ಆರಂಭಿಸೋಣ. ಕೊಡೆಯ ಅಂಚಿಗೆ ಸುತ್ತ ಒಂದು ಗೆರೆ ಕೊಯ್ದು, ಕೆಳಗಿನ ಮರವನ್ನು ತೆಳುವಾಗಿ ತೆಗೆಯುತ್ತ ಹೋದರೆ ಕಾಂಡ ಮೂಡುತ್ತದೆ. ಬಳಿಕ ಕೊಡೆಯನ್ನು ದುಂಡಗೆ ಮಾಡಬೇಕು. ಇಷ್ಟಕ್ಕೆ ಬಾರಿನ ನಡುಭಾಗವೇ ಸಾಕು. ಹತ್ತು ಅಣಬೆ ಕೈಗೆ ಹತ್ತಿದ ಮೇಲೆ ನವಿಲಿನ ಯೋಚನೆ ಮಾಡಬಹುದು.

ಇದರಿಂದ ಹಣ ಬರುತ್ತದೆಂದು ನಾವು ಹೇಳುವುದಿಲ್ಲ. ಕವಚ, ಬಾರುಗಳಿಗೆ ಮೊದಲು ಖರ್ಚೇ ಇದೆ. ಆ ಖರ್ಚು ಮಾಡಲು ಮನಸ್ಸಿಲ್ಲದವರು ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ಮೇಲು. ಕೆಟ್ಟ ಬೊಂಬೆಯನ್ನು ಒಲೆಗೆ ಹಾಕಿ ಇನ್ನೊಂದು ಕಡೆಯಬಹುದು. ಹೋದ ಕೈ ಮರಳಿ ಬಾರದು.