ಹಲಗೆ ಸಮತಟ್ಟಾಗಲು ಯಾವ ಬಿಟ್?

ಹಲಸಿನದೋ ತೇಗದ್ದೋ ನಾಲ್ಕಾರು ಪಟ್ಟಿಗಳನ್ನು ಅಂಟು ಹಾಕಿ ಜೋಡಿಸಿದಾಗ ಹಲಗೆಯ ಮೈ ಒಂದೇ ಮಟ್ಟಕ್ಕೆ ಬರುವುದು ಅಪರೂಪ. ಹಿಂದೆ ಈ ಏರುತಗ್ಗನ್ನು ತೋಪಡ ಹೊಡೆದೇ ತೆಗೆಯುತ್ತಿದ್ದರು. ಈಗ ಹಲವೆಡೆ ರೌಟರ್ ಯಂತ್ರ ಆ ಕೆಲಸ ಮಾಡುತ್ತದೆ. ಹಲಗೆಯ ಎರಡೂ ಬದಿಗೆ ಸಮ ಎತ್ತರದ ಪಟ್ಟಿಗಳನ್ನು ನಿಲ್ಲಿಸಿ, ಅವುಗಳ ಮೇಲೆ ರೌಟರ್ ಹೊತ್ತ ಪೀಠವನ್ನು ಅತ್ತಿತ್ತ ಸರಿಸಿದರೆ ಉಬ್ಬಿದ ಭಾಗ ಹೋಗಿ ಮೈ ಮಟ್ಟವಾಗುತ್ತದೆ.

ಐಟಿಐಯಲ್ಲಿ ಮರಗೆಲಸ ಕಲಿಯುವ ಮಕ್ಕಳಿಗೆ ಯಂತ್ರ ಕೊಡಿಸುವ ತಂದೆತಾಯಿ ಅದರ ಬೆಲೆ ವಿಚಾರಿಸುತ್ತಾರೆ. ಬಿಟ್ ಬಗ್ಗೆ ಕೇಳುವವರು ಕಡಿಮೆ. ಕೆಲಸದ ಅಂದ ಮತ್ತು ಕೈಬೆರಳಿನ ಕ್ಷೇಮ ಎರಡಕ್ಕೂ ಬಿಟ್ ಮುಖ್ಯ.

ಅಗಲ ಎಷ್ಟಿರಬೇಕು?

ಈ ಕೆಲಸಕ್ಕೆ ಚಪ್ಪಟೆ ತಳದ, ತಳದಲ್ಲೂ ಅಲಗುಳ್ಳ ‘ಸರ್ಫೇಸಿಂಗ್ ಬಿಟ್’ ಬೇಕು. 600 ಮಿ.ಮೀ. ಅಗಲದ ಹಲಗೆಗೆ 12 ಮಿ.ಮೀ. ಬಿಟ್ ಹಾಕಿ, ಪ್ರತಿ ಸಲ 10 ಮಿ.ಮೀ. ಸರಿದರೆ 60 ಸಾಲು ಹೊಡೆಯಬೇಕು. 50 ಮಿ.ಮೀ. ಬಿಟ್ಟಿನಲ್ಲಿ 40 ಮಿ.ಮೀ.ನಂತೆ ಸರಿದರೆ 15 ಸಾಲು ಸಾಕು.

ಹಾಗಾದರೆ ದೊಡ್ಡದೇ ಒಳ್ಳೆಯದೆ? ಇಲ್ಲೊಂದು ಲೆಕ್ಕವಿದೆ. ನಿಮಿಷಕ್ಕೆ 24,000 ಸುತ್ತು ತಿರುಗುವಾಗ 12 ಮಿ.ಮೀ. ಬಿಟ್ಟಿನ ಅಂಚಿನ ವೇಗ ಗಂಟೆಗೆ ಸುಮಾರು 54 ಕಿ.ಮೀ. ಅದೇ ಸುತ್ತಿನಲ್ಲಿ 50 ಮಿ.ಮೀ. ಬಿಟ್ಟಿನ ಅಂಚು ಸುಮಾರು 226 ಕಿ.ಮೀ. ವೇಗದಲ್ಲಿ ಓಡುತ್ತದೆ! ಆದ್ದರಿಂದ ಅಗಲ ಹೆಚ್ಚಿದಂತೆ ಸುತ್ತು ಇಳಿಸಲೇಬೇಕು. 50 ಮಿ.ಮೀ.ಗೆ 16,000 ಸುತ್ತು ದಾಟದಿರುವುದು ಲೇಸು. ತಯಾರಕರು ಸೂಚಿಸಿದ ಮಿತಿ ಅದಕ್ಕೂ ಕಡಿಮೆಯಿದ್ದರೆ ಅದನ್ನೇ ಪಾಲಿಸಿ. ವೇಗ ಇಳಿಸಲಾಗದ ಯಂತ್ರಕ್ಕೆ ದೊಡ್ಡ ಬಿಟ್ ಬೇಡ.

ಕಾಂಡ ಗಟ್ಟಿಯಿರಲಿ

ಯಂತ್ರದೊಳಗೆ ಸಿಕ್ಕಿಸುವ ಭಾಗವೇ ಶ್ಯಾಂಕ್, ಅಂದರೆ ಬಿಟ್ಟಿನ ಕಾಂಡ. ಕಾಲು ಇಂಚಿನದಕ್ಕಿಂತ ಅರ್ಧ ಇಂಚಿನದು ಎರಡರಷ್ಟು ದಪ್ಪ. ಆದರೆ ಬಾಗದೆ ನಿಲ್ಲುವ ಗುಣ ಹದಿನಾರು ಪಟ್ಟು! ಯಂತ್ರ ಅರ್ಧ ಇಂಚಿನದನ್ನು ಹಿಡಿಯುವಂತಿದ್ದು, ವೇಗ ಇಳಿಸಲು ಬರುವಂತಿದ್ದರೆ 38ರಿಂದ 50 ಮಿ.ಮೀ. ಬಿಟ್ ಕೊಳ್ಳಬಹುದು. ಕಾಲು ಇಂಚಿನ ಚಿಕ್ಕ ಯಂತ್ರಕ್ಕೆ 20ರಿಂದ 25 ಮಿ.ಮೀ. ಸಾಕು. 6 ಮಿ.ಮೀ. ಕಾಂಡವನ್ನು ಕಾಲು ಇಂಚಿನ ಹಿಡಿಕೆಗೆ ಹಾಕಬೇಡಿ. ಕಾಲು ಇಂಚು ಎಂದರೆ 6.35 ಮಿ.ಮೀ.; ಆ ಸಣ್ಣ ಸಡಿಲದಿಂದಲೇ ಓಡುವ ಬಿಟ್ ಕಳಚಿ ಹಾರೀತು.

ಅಲಗು ಕಾರ್ಬೈಡ್‌ನದಾಗಿರಲಿ. ಸ್ಕ್ರೂ ಬಿಚ್ಚಿ ತಿರುಗಿಸಬಹುದಾದ ಚೌಕ ಅಲಗಿನ ಬಿಟ್ಟಿಗೆ ಮೊದಲು ಹೆಚ್ಚು ಹಣ ಕೊಡಬೇಕು. ಆದರೆ ಒಂದು ಅಂಚು ಮೊಂಡಾದಾಗ ಇನ್ನೊಂದನ್ನು ಹೊರಳಿಸಿಕೊಳ್ಳಬಹುದು. ಹೀಗೆ ನಾಲ್ಕು ಅಂಚು ಸಿಗುತ್ತವೆ.

ಇಷ್ಟು ನೆನಪಿಡಿ

ಬಿಟ್ ಬದಲಿಸುವ ಮುನ್ನ ಪ್ಲಗ್ ಕೀಳಿ. ಒಮ್ಮೆಗೆ ಒಂದೆರಡು ಮಿ.ಮೀ. ಮಾತ್ರ ಕೆತ್ತಿ. ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಮಾಸ್ಕ್ ತಪ್ಪದೆ ಇರಲಿ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಅಂಗಡಿಗೆ ಹೋಗುವಾಗ ಯಂತ್ರದ ಸುತ್ತಿನ ವೇಗ ಮತ್ತು ಹಿಡಿಕೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೆಲೆ ಕೇಳುವುದು ಆಮೇಲೆ.